ಪಿಂಗಾಣಿ ಪ್ರಾಣಿಶಿಲ್ಪಗಳು

ನುಣುಪಾದ ಬಿಳಿ ಮಣ್ಣನ್ನು ಅಚ್ಚಿನಲ್ಲಿ ತೆಗೆದು, ಕೈಯಿಂದ ಜೋಡಿಸಿ ತಿದ್ದಿ, ಗಾಜಿನಂತೆ ಬಿಗಿಯುವವರೆಗೆ ಸುಟ್ಟು ಬಣ್ಣ ಕೊಟ್ಟ ಪ್ರಾಣಿಪಕ್ಷಿಗಳ ಮೂರ್ತಿಗಳು. ಹೆಬ್ಬೆರಳ ಗಾತ್ರದ ಇಲಿಯಿಂದ ಹಿಡಿದು ಮೀಟರಿಗೂ ಉದ್ದವಾದ ಖಡ್ಗಮೃಗದವರೆಗೆ ಇವುಗಳ ಹರವು. ಯೂರೋಪಿನಲ್ಲಿ 18ನೆಯ ಶತಮಾನದ ಅರಮನೆಗಳಿಗಾಗಿ ಬೆಳೆದ ಈ ಕಲೆ 20ನೆಯ ಶತಮಾನದ ಹೊತ್ತಿಗೆ ಮಧ್ಯಮವರ್ಗದ ಮನೆಗಳ ಗಾಜಿನ ಬೀರುಗಳಿಗೆ ಇಳಿದು ಬಂತು. ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್ ನಾಯಿಗಳು, ಬೆಸ್ವಿಕ್ ಕಂಪನಿಯ ಕುದುರೆಗಳು, ಕ್ಯಾಲಿಫೋರ್ನಿಯದ ಹೇಗನ್-ರೆನೇಕರ್ ಕಿರುಬೊಂಬೆಗಳು ಅದೇ ಬೀರುಗಳಲ್ಲಿ ನಿಲ್ಲುತ್ತವೆ, ಅದೇ ಸಂಗ್ರಾಹಕರು ಅವನ್ನೂ ಕೊಳ್ಳುತ್ತಾರೆ. ಆದರೆ ಅವು ಕಡಿಮೆ ಶಾಖದಲ್ಲಿ ಸುಟ್ಟ ಬೇರೆ ಜಾತಿಯ ಮಣ್ಣಿನವು, ಪಿಂಗಾಣಿಯವಲ್ಲ.

ಕಲ್ಲಿನ ಶಿಲ್ಪಿಗಾಗಲಿ ಕಂಚಿನ ಶಿಲ್ಪಿಗಾಗಲಿ ಇಲ್ಲದ ಒಂದು ಕಟ್ಟುಪಾಡು ಪಿಂಗಾಣಿಯ ಶಿಲ್ಪಿಗಿದೆ. ಬೆಂಕಿಯಲ್ಲಿ ಈ ಮಣ್ಣು ಕುಗ್ಗುತ್ತದೆ, ಮೆತ್ತಗಾಗುತ್ತದೆ, ಬಾಗುತ್ತದೆ. ಪ್ರಾಣಿ ನಿಲ್ಲಬೇಕೋ ಮಲಗಬೇಕೋ, ಕತ್ತು ಎಷ್ಟು ಚಾಚಬೇಕು, ಬಾಲ ಎಲ್ಲಿ ತಾಗಬೇಕು ಎಂಬುದರಲ್ಲಿ ಶಿಲ್ಪಿಯ ಇಷ್ಟದಷ್ಟೇ ಆವಿಗೆಯ ಮಾತೂ ನಡೆಯುತ್ತದೆ. ಈ ಕಲೆಯ ದೊಡ್ಡ ಹೆಸರುಗಳೆಲ್ಲ ಆ ನಿರ್ಬಂಧವನ್ನು ನೋಡುಗನ ಕಣ್ಣಿಗೆ ಕಾಣದಂತೆ ಮಾಡಿದವರವು.

ಮಣ್ಣು, ಅಚ್ಚು, ಆವಿಗೆ

ಗಟ್ಟಿ ಪಿಂಗಾಣಿಗೆ ಬೇಕಾದವು ಕೇಯೊಲಿನ್ ಎಂಬ ಬಿಳಿ ಜೇಡಿ, ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಪುಡಿ. ಇಂಗ್ಲೆಂಡಿನಲ್ಲಿ 18ನೆಯ ಶತಮಾನದ ಕೊನೆಯಲ್ಲಿ ರೂಢಿಗೆ ಬಂದ ಬೋನ್ ಚೈನಾದಲ್ಲಿ ಸುಮಾರು ಅರ್ಧ ಪಾಲು ದನದ ಎಲುಬಿನ ಬೂದಿ ಸೇರಿರುತ್ತದೆ.

ಶಿಲ್ಪಿ ಜೇಡಿಯಲ್ಲೋ ಮೇಣದಲ್ಲೋ ಮೂಲಮಾದರಿ ಮಾಡುತ್ತಾನೆ. ಸುಟ್ಟಾಗ ಗಟ್ಟಿ ಪಿಂಗಾಣಿ ಸುಮಾರು ಆರರಲ್ಲೊಂದು ಭಾಗ ಕುಗ್ಗುವುದರಿಂದ ಮಾದರಿ ಅದೇ ಲೆಕ್ಕದಲ್ಲಿ ದೊಡ್ಡದಿರಬೇಕು. ಅಚ್ಚುಗಾರ ಈ ಮಾದರಿಯನ್ನು ತಲೆ, ಮುಂಡ, ಕಾಲು, ಕಿವಿ, ಬಾಲ ಎಂದು ಬಿಡಿಸಿಕೊಂಡು ಒಂದೊಂದಕ್ಕೂ ಪ್ಲಾಸ್ಟರ್ ಅಚ್ಚು ತೆಗೆಯುತ್ತಾನೆ. ರೆಕ್ಕೆ ಬಿಚ್ಚಿದ ಹಕ್ಕಿ, ಸುತ್ತ ಎಲೆ ಹೂವು ಇರುವ ಮೂರ್ತಿಯಾದರೆ ಅಚ್ಚುಗಳು ಹತ್ತಾರಾಗುತ್ತವೆ. ತೆಳುವಾಗಿ ಕಲಸಿದ ಮಣ್ಣಿನ ಬಗ್ಗಡವನ್ನು ಅಚ್ಚಿಗೆ ಹೊಯ್ದರೆ ಪ್ಲಾಸ್ಟರ್ ನೀರನ್ನು ಹೀರಿಕೊಂಡು ಒಳಮೈಗೆ ಮಣ್ಣಿನ ಪದರ ಕಟ್ಟುತ್ತದೆ. ಬೇಕಾದಷ್ಟು ದಪ್ಪ ಬಂದಮೇಲೆ ಉಳಿದ ಬಗ್ಗಡವನ್ನು ಚೆಲ್ಲುತ್ತಾರೆ. ಬೊಂಬೆಗಳು ಟೊಳ್ಳಾಗಿರುವುದು ಇದರಿಂದ. 18ನೆಯ ಶತಮಾನದ ಜರ್ಮನಿಯಲ್ಲಿ ಹೊಯ್ಯುವ ಪದ್ಧತಿ ಇರಲಿಲ್ಲ. ಹದವಾದ ಮಣ್ಣಿನ ಮುದ್ದೆಯನ್ನೇ ಬೆರಳಿನಿಂದ ಅಚ್ಚಿಗೆ ಒತ್ತುತ್ತಿದ್ದರು. ಬಳಸುತ್ತಾ ಹೋದಂತೆ ಪ್ಲಾಸ್ಟರ್ ಸವೆಯುವುದರಿಂದ ಅಚ್ಚಿನ ಆಯಸ್ಸು ಕಡಿಮೆ. ಮೊದಲ ಎರಕಗಳ ಕೂದಲ ಗೆರೆ ಕೊನೆಯ ಎರಕಗಳಲ್ಲಿ ಇರುವುದಿಲ್ಲ.

ಬಿಡಿಭಾಗಗಳನ್ನು ಬಗ್ಗಡದಿಂದಲೇ ಅಂಟಿಸಿ ಮೂರ್ತಿ ಮಾಡುವವನು ಬೇರೊಬ್ಬ ಕುಶಲಿ. ಜರ್ಮನ್ ಕಾರ್ಖಾನೆಗಳಲ್ಲಿ ಅವನು ಬೊಸ್ಸೀರರ್, ಇಂಗ್ಲೆಂಡಿನಲ್ಲಿ ರಿಪೇರರ್. ಬೆಸುಗೆ ಕಾಣದಂತೆ ಒರೆಸುವುದು, ಮಸುಕಾದ ಗರಿಯನ್ನು ಮರದ ಕಡ್ಡಿಯಿಂದ ಮತ್ತೆ ಕೊರೆಯುವುದು, ಕಣ್ಣಿನ ರೆಪ್ಪೆಯನ್ನು ಚೂಪು ಮಾಡುವುದು ಅವನ ಕೆಲಸ. ಒಂದೇ ಅಚ್ಚಿನಿಂದ ಬಂದ ಎರಡು ನಾಯಿಗಳಲ್ಲಿ ಒಂದು ಚುರುಕಾಗಿಯೂ ಇನ್ನೊಂದು ಪೆಚ್ಚಾಗಿಯೂ ಕಂಡರೆ ವ್ಯತ್ಯಾಸ ಇಲ್ಲಿಯದು. ಕೈಕೆಲಸದ ಬೊಂಬೆ ಎನ್ನುವಾಗ ಆ ಕೈ ಬಹುಮಟ್ಟಿಗೆ ಜೋಡಿಸಿದವರದೂ ಬಣ್ಣ ಹಚ್ಚಿದವರದೂ ಆಗಿರುತ್ತದೆ. ಮಾರಾಟದ ಪಟ್ಟಿಯಲ್ಲಿ ಅಚ್ಚಾಗುವ ಹೆಸರು ಮಾತ್ರ ಶಿಲ್ಪಿಯದು, ಅವರು ಆ ಒಂದು ಪ್ರತಿಯನ್ನು ಕಣ್ಣಿನಲ್ಲೂ ನೋಡಿರಲಾರರು.

ಗಟ್ಟಿ ಪಿಂಗಾಣಿಯನ್ನು ಮೊದಲು 900ರಿಂದ 1,000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ಮೆರುಗಿನ ದ್ರವದಲ್ಲಿ ಅದ್ದಿ, ಮತ್ತೆ 1,400 ಡಿಗ್ರಿಯ ಆಸುಪಾಸಿನಲ್ಲಿ ಸುಡುತ್ತಾರೆ. ಬೋನ್ ಚೈನಾದಲ್ಲಿ ಇದು ತಿರುವುಮುರುವು: ಮೊದಲ ಸುಡುವಿಕೆಗೆ ಹೆಚ್ಚು ಶಾಖ, ಮೆರುಗಿನದಕ್ಕೆ ಕಡಿಮೆ. ತೆಳುಗಾಲಿನ ಕುದುರೆ ತನ್ನ ಹೊಟ್ಟೆಯ ಭಾರಕ್ಕೆ ತಾನೇ ಕುಸಿಯುವುದು ಶಾಖ ತುದಿಗೇರಿದಾಗ. ಹಾಗಾಗದಂತೆ ಚಾಚಿದ ಭಾಗಗಳಿಗೆಲ್ಲ ಅದೇ ಮಣ್ಣಿನ, ಅದೇ ಹಸಿಯ ಆಸರೆಗಳನ್ನು ಕೊಡಬೇಕು. ಮೂರ್ತಿ ಕುಗ್ಗಿದಷ್ಟೇ ಆಸರೆಯೂ ಕುಗ್ಗದಿದ್ದರೆ ಅದು ಕಾಲನ್ನು ಮೇಲಕ್ಕೊತ್ತಿ ಮುರಿಯುತ್ತದೆ. ಆದ್ದರಿಂದ ಒಮ್ಮೆ ಸುಟ್ಟ ಆಸರೆ ಎರಡನೆಯ ಮೂರ್ತಿಗೆ ಬಾರದು. ಟೊಳ್ಳಿನೊಳಗಿನ ಗಾಳಿ ಹೊರಹೋಗಲು ಬುಡದಲ್ಲೋ ಹೊಟ್ಟೆಯಡಿಯಲ್ಲೋ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ.

ಹಳೆಯ ಪಿಂಗಾಣಿಯ ಜಿಂಕೆ, ಕುದುರೆ, ಸಿಂಹಗಳ ಹೊಟ್ಟೆಯಡಿ ಮರದ ಮೋಟೋ ಪೊದೆಯೋ ಬಂಡೆಯೋ ಇರುವುದು ಸಾಮಾನ್ಯ. ಅದನ್ನು ಕಾಡಿನ ಚಿತ್ರವೆಂದು ತಿಳಿಯಬಾರದು. ಅದು ಕಂಬ.

ಸಾಕ್ಸನಿಯ ಪಿಂಗಾಣಿ ಮೃಗಶಾಲೆ

ಪಿಂಗಾಣಿಯೂ ಅದರಲ್ಲಿ ಪ್ರಾಣಿ ಮಾಡುವ ರೂಢಿಯೂ ಚೀನದವು. ಫೂಜಿಯಾನ್ ಪ್ರಾಂತದ ದೆಹುವಾದಲ್ಲಿ ಮಾಡಿದ ಅಚ್ಚಬಿಳಿ ಸಿಂಹಗಳು, ಜಪಾನಿನ ಅರಿತಾದಲ್ಲಿ ಕಾಕಿಯೆಮೊನ್ ಶೈಲಿಯಲ್ಲಿ ಬಣ್ಣ ಹಚ್ಚಿದ ಪ್ರಾಣಿಗಳು 17ನೆಯ ಶತಮಾನದಲ್ಲಿ ಹಡಗೇರಿ ಯೂರೋಪಿಗೆ ಹೋದವು. ಯೂರೋಪಿನವರಿಗೆ ಗಟ್ಟಿ ಪಿಂಗಾಣಿಯ ಗುಟ್ಟು ಆಗ ಗೊತ್ತಿರಲಿಲ್ಲ.

ಅದನ್ನು ಹುಡುಕಿಸಿದವನು ಸಾಕ್ಸನಿಯ ದೊರೆಯೂ ಪೋಲೆಂಡಿನ ರಾಜನೂ ಆಗಿದ್ದ ಬಲಶಾಲಿ ಆಗಸ್ಟಸ್ (1670–1733). ಪಿಂಗಾಣಿಯ ಹುಚ್ಚು ಅವನಿಗೆ ಎಷ್ಟಿತ್ತೆಂದರೆ 1717ರಲ್ಲಿ ತನ್ನ 600 ಸೈನಿಕರನ್ನು ಪ್ರಷ್ಯದ ದೊರೆಗೆ ಕೊಟ್ಟು 151 ಚೀನೀ ಪಿಂಗಾಣಿಗಳನ್ನು ತರಿಸಿಕೊಂಡ. ಚಿನ್ನ ಮಾಡಿಕೊಡುತ್ತೇನೆಂದು ಹೇಳಿ ಅವನ ಸೆರೆಗೆ ಬಿದ್ದಿದ್ದ ಯೊಹಾನ್ ಫ್ರೀಡ್ರಿಶ್ ಬೋಟ್ಗರ್ ಎಂಬ ತರುಣ ರಸವಾದಿ ಮತ್ತು ವಿದ್ವಾಂಸ ಚಿರ್ನ್‌ಹೌಸ್ ಸೇರಿ ನಡೆಸಿದ ಪ್ರಯೋಗಗಳು 1708–09ರಲ್ಲಿ ಫಲಿಸಿದವು. 1710ರಲ್ಲಿ ಮೈಸೆನ್ ಊರಿನ ಕೋಟೆಯೊಳಗೆ ಕಾರ್ಖಾನೆ ಶುರುವಾಯಿತು. ಗುಟ್ಟು ಹೊರಹೋಗದಿರಲೆಂದೇ ಕೋಟೆ.

ಡ್ರೆಸ್ಡನ್‌ನ ಜಪಾನೀ ಅರಮನೆಯನ್ನು ಪಿಂಗಾಣಿಯಿಂದಲೇ ತುಂಬಬೇಕೆಂಬ ಹಂಬಲದಲ್ಲಿ ಆಗಸ್ಟಸ್ 1730ರ ಸುಮಾರಿಗೆ ಅಲ್ಲಿಗೊಂದು ಪಿಂಗಾಣಿ ಮೃಗಶಾಲೆಯನ್ನು ಯೋಜಿಸಿದ. ಪ್ರಾಣಿಗಳೂ ಪಕ್ಷಿಗಳೂ ಸೇರಿ ಸುಮಾರು 600 ಮೂರ್ತಿಗಳು, ಸಾಧ್ಯವಾದಲ್ಲೆಲ್ಲ ನಿಜಗಾತ್ರದಲ್ಲಿ ಆಗಬೇಕಿತ್ತು. ಅಷ್ಟು ದೊಡ್ಡ ಪಿಂಗಾಣಿ ಶಿಲ್ಪವನ್ನು ಅಲ್ಲಿಯವರೆಗೆ ಯಾರೂ ಪ್ರಯತ್ನಿಸಿರಲಿಲ್ಲ. ಇದು ಅರಸನ ಹಟವೇ ಹೊರತು ಕುಶಲಿಗಳ ಸಲಹೆಯಲ್ಲ. ಕೆಲಸ ಮೊದಲು ಯೊಹಾನ್ ಗಾಟ್‌ಲೀಬ್ ಕಿರ್ಶ್ನರ್‌ನದಾಗಿತ್ತು. 1731ರಲ್ಲಿ ಅವನ ಜತೆಗೆ ಯೊಹಾನ್ ಯೋಆಕಿಮ್ ಕೆಂಡ್ಲರ್ (1706–1775) ಬಂದ. ಇಬ್ಬರ ನಡುವಿನ ಅಂತರವನ್ನು ಅವರ ಪ್ರಾಣಿಗಳೇ ತೋರಿಸುತ್ತವೆ.

ಕಿರ್ಶ್ನರ್‌ನ ಖಡ್ಗಮೃಗದ ಭುಜದ ಮೇಲೆ ಎರಡನೆಯದೊಂದು ಸಣ್ಣ ಕೊಂಬಿದೆ. ಮೈಮೇಲಿನ ಚರ್ಮ ಮಡಿಕೆ ಮಡಿಕೆಯಾಗಿರುವ ಬದಲು ಮೊಳೆ ಹೊಡೆದ ಲೋಹದ ಕವಚದಂತಿದೆ. ಈ ರೂಪದ ಮೂಲ ನಮ್ಮ ಪಶ್ಚಿಮ ಕರಾವಳಿಯಲ್ಲಿದೆ. ಗುಜರಾತಿನ ಸುಲ್ತಾನ ಎರಡನೆಯ ಮುಜಫರ್ ಷಾ ಪೋರ್ಚುಗೀಸ್ ಅಧಿಪತಿ ಆಲ್ಬುಕರ್ಕ್‌ನಿಗೆ ಉಡುಗೊರೆಯಾಗಿ ಕೊಟ್ಟ ಖಡ್ಗಮೃಗವೊಂದನ್ನು ಗೋವೆಯಿಂದ ಹಡಗಿನಲ್ಲಿ ಕಳಿಸಲಾಯಿತು, ಅದು 1515ರ ಮೇ 20ರಂದು ಲಿಸ್ಬನ್ ತಲುಪಿತು. ಅದನ್ನು ತಾನು ನೋಡದೆ, ಬೇರೆಯವರ ವರ್ಣನೆ ಮತ್ತು ರೇಖಾಚಿತ್ರವನ್ನು ನಂಬಿ ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಅದೇ ವರ್ಷ ಮರದಚ್ಚಿನ ಚಿತ್ರ ಮಾಡಿದ. ಕವಚವೂ ಭುಜದ ಕೊಂಬೂ ಅವನ ಕಲ್ಪನೆ. ಇನ್ನೂರಕ್ಕೂ ಹೆಚ್ಚು ವರ್ಷ ಯೂರೋಪು ಖಡ್ಗಮೃಗವೆಂದರೆ ಅದೇ ಎಂದು ನಂಬಿತ್ತು, ಕಿರ್ಶ್ನರ್‌ನೂ ನಂಬಿದ. 1741ರಲ್ಲಿ ಕ್ಲಾರಾ ಎಂಬ ಸಾಕಿದ ಹೆಣ್ಣು ಖಡ್ಗಮೃಗ ಭಾರತದಿಂದ ರಾಟರ್‌ಡ್ಯಾಮಿಗೆ ಬಂದು ಊರೂರು ತಿರುಗಿ, 1747ರಲ್ಲಿ ಡ್ರೆಸ್ಡನ್‌ನಲ್ಲೂ ಜನರಿಗೆ ಕಾಣಿಸಿತು. ಆಮೇಲಿನ ಮೈಸೆನ್ ಖಡ್ಗಮೃಗಗಳಿಗೆ ಭುಜದ ಕೊಂಬಿಲ್ಲ.

ಕೆಂಡ್ಲರ್ ಪುಸ್ತಕದ ಚಿತ್ರಗಳಿಗಿಂತ ಅರಸನ ಪ್ರಾಣಿಶಾಲೆಯನ್ನೂ ಹುಲ್ಲು ತುಂಬಿದ ಚರ್ಮದ ಮಾದರಿಗಳನ್ನೂ ನೋಡಿ ಕೆಲಸ ಮಾಡಿದ. ಅವನ 1732ರ ತಾಯಿ ಮೇಕೆ ಇದಕ್ಕೆ ಒಳ್ಳೆಯ ಸಾಕ್ಷಿ. ಮೇಕೆ ಮಲಗಿದೆ, ಮರಿ ಹೊಟ್ಟೆಗೆ ಒತ್ತಿಕೊಂಡು ಹಾಲು ಕುಡಿಯುತ್ತಿದೆ, ತಾಯಿ ಕತ್ತು ಹಿಂದಕ್ಕೆ ತಿರುಗಿಸಿದೆ. ಉದ್ದ ಕೂದಲಿನ ಜಡೆಗಳು ನೆಲಕ್ಕೆ ಇಳಿಬಿದ್ದಿವೆ. ನೋಡಿದವರಿಗೆ ವಾತ್ಸಲ್ಯ ಕಾಣುತ್ತದೆ, ಆವಿಗೆಯವನಿಗೆ ಕಾಣುವುದು ಬೇರೆ: ಕಾಲುಗಳ ಮೇಲೆ ಭಾರವಿಲ್ಲ, ಮರಿ ಹೊಟ್ಟೆಗೆ ಆಸರೆ, ತಿರುಗಿದ ಕತ್ತಿನ ತೂಕ ಬೆನ್ನಿನ ಕಡೆಗೆ, ಕೂದಲು ಬುಡದವರೆಗೂ ಇಳಿದು ಗೋಡೆಯಾಗಿದೆ. ಅವನ ಕೊಕ್ಕರೆಗಳ ಕಾಲ ಸುತ್ತ ಜೊಂಡು ಬೆಳೆದಿರುವುದಕ್ಕೂ ಇದೇ ಕಾರಣ. ಭಂಗಿ ಪ್ರಾಣಿಯ ಸ್ವಭಾವದಿಂದಲೇ ಬಂದದ್ದೆಂದು ನಂಬಿಸುವುದರಲ್ಲಿ ಕೆಂಡ್ಲರ್‌ನನ್ನು ಮೀರಿಸಿದವರು ಕಡಿಮೆ.

ಬೆಂಕಿ ಆದರೂ ಪೂರ್ತಿ ಸೋಲಲಿಲ್ಲ. ದೊಡ್ಡ ಮೂರ್ತಿಗಳ ಮೈಮೇಲೆ ಆವಿಗೆಯ ಬಿರುಕುಗಳು ಇಂದಿಗೂ ಎದ್ದು ಕಾಣುತ್ತವೆ. ಬಣ್ಣಕ್ಕಾಗಿ ಮತ್ತೊಮ್ಮೆ ಸುಟ್ಟರೆ ಇದ್ದದ್ದೂ ಹೋದೀತೆಂದು ಹೆಚ್ಚಿನವನ್ನು ಬಿಳಿಯಾಗಿಯೇ ಬಿಟ್ಟರು. ಕೆಲವಕ್ಕೆ ಸುಡದ ಅರಗುಬಣ್ಣ ಹಚ್ಚಿದರು, ಅದು ಕಾಲಕ್ರಮದಲ್ಲಿ ಅಳಿಸಿಹೋಯಿತು. 1733ರಲ್ಲಿ ಆಗಸ್ಟಸ್ ತೀರಿಕೊಂಡ, ಅದೇ ವರ್ಷ ಕಿರ್ಶ್ನರ್ ಕೆಲಸ ಬಿಟ್ಟ, ಯೋಜನೆ ಪೂರ್ತಿಯಾಗಲಿಲ್ಲ. ಉಳಿದವುಗಳ ಮುಖ್ಯ ಸಂಗ್ರಹ ಡ್ರೆಸ್ಡನ್‌ನ ಟ್ಸ್ವಿಂಗರ್ ಅರಮನೆಯಲ್ಲಿದೆ.

ಪೀಠದ ಮೇಲಿನ ದೊಡ್ಡ ಮೃಗಗಳಿಗಿಂತ ಊಟದ ಮೇಜಿನ ಸಣ್ಣ ಮೂರ್ತಿಗಳಿಂದ ಮೈಸೆನ್‌ಗೆ ಹಣ ಬಂತು. ಹಿಂದೆ ಸಕ್ಕರೆಪಾಕದಲ್ಲಿ ಮಾಡಿ ಮೇಜನ್ನು ಸಿಂಗರಿಸುತ್ತಿದ್ದ ಬೊಂಬೆಗಳ ಜಾಗಕ್ಕೆ ಇವು ಬಂದವು. ಪಗ್ ನಾಯಿಗಳು, ಗಿಳಿಗಳು, 1753ರ ಸುಮಾರಿನಲ್ಲಿ ಕೆಂಡ್ಲರ್ ಮತ್ತು ಪೇಟರ್ ರೈನಿಕೆ ರೂಪಿಸಿದ ಕೋತಿಗಳ ವಾದ್ಯಮೇಳ ಇಂದಿಗೂ ಅಲ್ಲಿ ತಯಾರಾಗುತ್ತಿವೆ. ಆಸ್ಥಾನದ ಪೋಷಾಕು ತೊಟ್ಟು ಪಿಟೀಲು, ಕೊಳಲು ಹಿಡಿದ ಕೋತಿಗಳ ಒಂದು ತಂಡವನ್ನು ಫ್ರಾನ್ಸಿನ ದೊರೆಯ ಪ್ರೇಯಸಿ ಮದಾಮ್ ದ ಪೊಂಪಡೂರ್ 1753ರಲ್ಲೇ ಕೊಂಡಿದ್ದಳು.

ಲಂಡನ್ನಿನ ಚೆಲ್ಸಿ ಮತ್ತು ಬೋ ಕಾರ್ಖಾನೆಗಳು ಮೈಸೆನ್‌ನ್ನು ಅನುಕರಿಸಿದವು. ಜಾರ್ಜ್ ಎಡ್ವರ್ಡ್ಸ್‌ನ ಪಕ್ಷಿಗ್ರಂಥದ ಚಿತ್ರಗಳಿಂದ ಚೆಲ್ಸಿಯವರು ಮಾಡಿದ ಹಕ್ಕಿಗಳು ಮಾತ್ರ ಅವರ ಸ್ವಂತದ್ದೆನ್ನಬಹುದು.

ಕೋಪನ್‌ಹೇಗನ್: ಮೆರುಗಿನಡಿಯ ಬಣ್ಣ

19ನೆಯ ಶತಮಾನದ ಬಹುಭಾಗ ಹಳೆಯ ಅಚ್ಚುಗಳ ಪುನರಾವರ್ತನೆಯಲ್ಲಿ ಕಳೆಯಿತು. ಹೊಸದು ಬಂದದ್ದು ಡೆನ್ಮಾರ್ಕಿನಿಂದ. 1775ರಲ್ಲಿ ಸ್ಥಾಪನೆಯಾದ ರಾಯಲ್ ಕೋಪನ್‌ಹೇಗನ್ ಕಾರ್ಖಾನೆಗೆ 1880ರ ದಶಕದ ನಡುವೆ ಕಲಾನಿರ್ದೇಶಕನಾಗಿ ಬಂದ ಆರ್ನಾಲ್ಡ್ ಕ್ರೋಗ್ ವಾಸ್ತುಶಿಲ್ಪಿ, ಜಪಾನೀ ಕಲೆಯ ಅಭಿಮಾನಿ. ಬಣ್ಣವನ್ನು ಮೆರುಗಿನ ಮೇಲೆ ಬರೆಯುವ ಬದಲು ಮೆರುಗಿನ ಕೆಳಗೆ ಹಚ್ಚಿ ಎರಡನ್ನೂ ಒಟ್ಟಿಗೆ ಸುಡುವುದು ಅವನ ಮಾರ್ಗ. 1,400 ಡಿಗ್ರಿ ತಡೆಯುವ ಬಣ್ಣಗಳು ಕೆಲವೇ: ಕೋಬಾಲ್ಟ್ ನೀಲಿ, ಕ್ರೋಮಿಯಂ ಹಸಿರು, ಒಂದಿಷ್ಟು ಕಂದು, ಮಸುಕು ಕೆಂಪು. ಅವು ಮೆರುಗಿನೊಳಗೆ ಕರಗಿ ಅಂಚು ಮಸುಕಾಗಿ ಹರಡುತ್ತವೆ. ಉಜ್ವಲ ಹಸಿರಿನ ಗಿಳಿ, ಕಡುಗೆಂಪು ಹುಂಜ ಈ ವಿಧಾನದಲ್ಲಿ ಆಗದ ಮಾತು. ಹಿಮಕರಡಿ, ಸೀಲ್, ಬೂದುಬಣ್ಣದ ಹೆಬ್ಬಾತು, ಮಂಜಿನಲ್ಲಿ ಮುದುಡಿ ಕೂತ ಗುಬ್ಬಿ ಮಾತ್ರ ಹೇಳಿ ಮಾಡಿಸಿದಂತೆ ಬರುತ್ತವೆ. 1889ರ ಪ್ಯಾರಿಸ್ ವಿಶ್ವಪ್ರದರ್ಶನದಲ್ಲಿ ಈ ಕೆಲಸಕ್ಕೆ ಗ್ರಾಂಡ್ ಪ್ರಿ ಸಿಕ್ಕಿತು, ಯೂರೋಪಿನ ಕಾರ್ಖಾನೆಗಳು ಸಾಲುಸಾಲಾಗಿ ಅನುಕರಿಸಿದವು.

ಬಣ್ಣ ಮಸುಕಾದಾಗ ಶಿಲ್ಪದ ಹೊರರೇಖೆಯೇ ಎಲ್ಲವನ್ನೂ ಹೊರಬೇಕಾಗುತ್ತದೆ. ಕ್ರಿಶ್ಚಿಯನ್ ಟಾಮ್ಸನ್, ಎರಿಕ್ ನೀಲ್ಸನ್, ಕಾರ್ಲ್ ಫ್ರೆಡರಿಕ್ ಲೀಸ್‌ಬರ್ಗ್, ಕ್ನುಡ್ ಕ್ಯೂನ್ ಮೊದಲಾದ ಶಿಲ್ಪಿಗಳು ಗರಿ ಕೂದಲುಗಳ ಗೆರೆ ಬಿಟ್ಟು ಪ್ರಾಣಿಯ ಒಟ್ಟು ಮೈಕಟ್ಟನ್ನು ಹಿಡಿದರು. ಇವರ ಪ್ರಾಣಿಗಳು ಕುಕ್ಕರಿಸಿ, ಸುರುಳಿ ಸುತ್ತಿ, ಜತೆಗೂಡಿ ಒಂದೇ ಗಟ್ಟಿ ಆಕಾರವಾಗಿ ಕೂತಿರುತ್ತವೆ. ಹೊಟ್ಟೆಯಡಿಯ ಮರದ ಮೋಟು ಇಲ್ಲಿ ಮಾಯವಾಯಿತು. ನಾಯಿಗಳಲ್ಲಿ ಲೌರಿಟ್ಸ್ ಯೆನ್ಸನ್ ಹೆಸರಾದವನು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಜೀನ್ ಗ್ರೂಟ್ ಎಂಬಾಕೆ ಇದೇ ಸಂಪ್ರದಾಯವನ್ನು ಮುಂದುವರಿಸಿದಳು. ಅದೇ ನಗರದ ಬಿಂಗ್ ಅಂಡ್ ಗ್ರೊಂಡಾಲ್ (1853) ಪ್ರತಿಸ್ಪರ್ಧಿ ಕಾರ್ಖಾನೆ. ಅಲ್ಲಿ ಪಳಗಿದ ಯೆನ್ಸ್ ಪೇಟರ್ ದಾಲ್-ಯೆನ್ಸನ್ 1925ರಲ್ಲಿ ಸ್ವಂತ ಕಾರ್ಖಾನೆ ತೆರೆದ. 1987ರಲ್ಲಿ ಬಿಂಗ್ ಅಂಡ್ ಗ್ರೊಂಡಾಲ್ ರಾಯಲ್ ಕೋಪನ್‌ಹೇಗನ್ ಜತೆ ವಿಲೀನವಾಯಿತು.

ಜರ್ಮನಿಯಲ್ಲಿ ಮ್ಯಾಕ್ಸ್ ಎಸ್ಸರ್ (1885–1945) ಮೈಸೆನ್‌ಗೆ ಮತ್ತೆ ಜೀವ ತಂದ. ಕೆಂಡ್ಲರ್‌ಗೂ ಹಿಂದಿನ, ಬೋಟ್ಗರ್‌ನ ಕಾಲದ ಕೆಂಪು ಮಣ್ಣಿನಲ್ಲಿ ಅವನು ಮಾಡಿದ ನೀರುನಾಯಿಗೆ 1937ರ ಪ್ಯಾರಿಸ್ ಪ್ರದರ್ಶನದಲ್ಲಿ ಗ್ರಾಂಡ್ ಪ್ರಿ ಬಂತು. ಇದೇ ದಶಕದ ಇನ್ನೊಂದು ಅಧ್ಯಾಯ ಕರಾಳವಾದದ್ದು. ಮ್ಯೂನಿಕ್ ಬಳಿಯ ಆಲಾಖ್‌ನಲ್ಲಿ 1935ರಲ್ಲಿ ಶುರುವಾದ ಪಿಂಗಾಣಿ ಕಾರ್ಖಾನೆಯನ್ನು ಹಿಟ್ಲರನ ಎಸ್‌ಎಸ್ ಪಡೆ ತನ್ನದಾಗಿಸಿಕೊಂಡಿತು. ಆ ಪಡೆಯ ಮುಖ್ಯಸ್ಥ ಹಿಮ್ಲರ್ ಅಲ್ಲಿಯ ಬೊಂಬೆಗಳನ್ನು ಉಡುಗೊರೆಯಾಗಿ ಹಂಚುತ್ತಿದ್ದ. ನಿಂಫೆನ್‌ಬರ್ಗ್ ಕಾರ್ಖಾನೆಯಲ್ಲಿ ಹೆಸರು ಮಾಡಿದ್ದ ಪ್ರಾಣಿಶಿಲ್ಪಿ ಥಿಯೊಡೋರ್ ಕೆರ್ನರ್ ಅಲ್ಲಿಗೆ ಜಿಂಕೆ, ಕರಡಿ, ಬೇಟೆನಾಯಿಗಳ ಮಾದರಿ ಮಾಡಿಕೊಟ್ಟ. ಕೆಲಸದ ಒಂದು ಭಾಗ ಡಕಾವ್‌ಗೆ ಸಾಗಿದ ಮೇಲೆ ಅಲ್ಲಿನ ನಾತ್ಸಿ ಸೆರೆಶಿಬಿರದ ಕೈದಿಗಳಿಂದ ದುಡಿಸಿಕೊಂಡರು. ಮುದ್ದಾದ ಜಿಂಕೆಮರಿಯ ಬುಡದಲ್ಲಿ ಎಸ್‌ಎಸ್ ಮುದ್ರೆ ಕಂಡರೆ ಅದನ್ನು ಕೇವಲ ಕಲಾಕೃತಿಯಾಗಿ ನೋಡುವುದು ಈ ಲೇಖಕನಿಗೆ ಸಾಧ್ಯವಿಲ್ಲ. ಆದರೂ ಅವಕ್ಕೆ ಮಾರುಕಟ್ಟೆಯಿದೆ.

ವೂಸ್ಟರ್ ಮತ್ತು ಟ್ರೆಂಟನ್

ಇಷ್ಟೇ ಪ್ರತಿ ಎಂದು ಮೊದಲೇ ಸಾರಿ ಮಾರುವ ಪದ್ಧತಿ ಇಂಗ್ಲೆಂಡಿನ ರಾಯಲ್ ವೂಸ್ಟರ್ ಕಾರ್ಖಾನೆಯಿಂದ ಜನಪ್ರಿಯವಾಯಿತು. ಅದಕ್ಕೆ ಕಾರಣಳಾದವಳು ಡೊರೊಥಿ ಡಾಟಿ (1892–1962). 1935ರಲ್ಲಿ ಬಂದ ಅವಳ ಮೊದಲ ಜೋಡಿ ಅಮೆರಿಕನ್ ರೆಡ್‌ಸ್ಟಾರ್ಟ್ ಹಕ್ಕಿಗಳು ಅಮೆರಿಕದ ಕೊಳ್ಳುವವರಿಗಾಗಿಯೇ ಮಾಡಿದವು. ಡಾಟಿ ಹಕ್ಕಿಯ ಜತೆ ಅದು ಕೂರುವ ಕೊಂಬೆ, ಹೂವು, ಮುಳ್ಳು ಎಲ್ಲವೂ ನಿಜದಂತಿರಬೇಕೆಂದು ಹಟ ಹಿಡಿದಳು. ಹೊಳೆಯುವ ಮೆರುಗು ಗರಿಗೆ ಸಲ್ಲದೆಂದು ಮಂಕುಬಣ್ಣ ಬೇಕೆಂದಳು. ಒಂದೊಂದು ಎಸಳನ್ನೂ ಕೈಯಲ್ಲಿ ಮಾಡಬೇಕಾಯಿತು. ಇದಕ್ಕಾಗಿ ಹುಡುಗಿಯರಿಗೆ ಪಿಂಗಾಣಿ ಹೂವಿನ ಕೆಲಸ ಕಲಿಸಿದವನು ಮಾಲ್ಟಾದಿಂದ ಬಂದಿದ್ದ ಆಂಟೋನಿಯೊ ವಸಾಲೊ. ಇಲ್ಲಿ ಮರದ ಮೋಟಿನ ಹಳೆಯ ಉಪಾಯ ಹೂಬಿಟ್ಟ ಕೊಂಬೆಯಾಗಿ ಮತ್ತೆ ಬಂತು, ಹಾರಲು ಸಿದ್ಧವಾದ ಹಕ್ಕಿಯ ಭಾರವನ್ನು ಒಂದು ಎಲೆ ಹೊರುವಷ್ಟು ಜಾಣತನದಿಂದ.

ಅದೇ ಕಾರ್ಖಾನೆಯ ಡೊರಿಸ್ ಲಿಂಡ್ನರ್ (1896–1979) ಕುದುರೆ, ಗೂಳಿಗಳ ಶಿಲ್ಪಿ. 1940ರ ದಶಕದ ಕೊನೆಯಲ್ಲಿ ಅವಳು ಮಾಡಿದ, ಟಾಮಿ ಎಂಬ ಕುದುರೆಯ ಮೇಲೆ ಕೂತ ರಾಜಕುಮಾರಿ ಎಲಿಜಬೆತ್‌ಳ ಮೂರ್ತಿಯನ್ನು 100 ಪ್ರತಿಗೆ ಸೀಮಿತಗೊಳಿಸಿದ್ದರು. ಬಹುಮಾನಿತ ಗೂಳಿಗಳ ಮಾದರಿ ಮಾಡುವಾಗ ಅವಳಿಗೆ ಕಲಾವಿಮರ್ಶಕರಿಗಿಂತ ಕಠಿಣ ಪರೀಕ್ಷಕರಿದ್ದರು: ಆ ತಳಿಯ ರೈತರು. ಭುಜದ ಎತ್ತರ, ಬೆನ್ನಿನ ನೇರ ಒಂದಿಷ್ಟು ತಪ್ಪಿದರೂ ಅವರು ಒಪ್ಪುವವರಲ್ಲ.

ಅಮೆರಿಕದ ಎಡ್ವರ್ಡ್ ಮಾರ್ಷಲ್ ಬೋಮ್ (1913–1969) ದನಕರುಗಳ ನಡುವೆ ದುಡಿದು, ಶಿಲ್ಪವನ್ನು ಬಹುಮಟ್ಟಿಗೆ ತಾನೇ ಕಲಿತವನು. ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ 1950ರಲ್ಲಿ ಕಾರ್ಯಶಾಲೆ ಆರಂಭಿಸಿದ. ಮರುವರ್ಷವೇ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅವನ ಕೃತಿಗಳನ್ನು ಕೊಂಡಿತು. ಮಾದರಿಗಾಗಿ ಅವನು ಮನೆಯಲ್ಲೇ ಹಕ್ಕಿಗಳನ್ನು ಸಾಕಿದ್ದ. ಮಾರಾಟದ ಚಾತುರ್ಯ ಪತ್ನಿ ಹೆಲೆನ್‌ಳದು. ಅವಳಿಲ್ಲದಿದ್ದರೆ ಬೋಮ್ ಟ್ರೆಂಟನ್ ದಾಟುತ್ತಿದ್ದನೆಂದು ನಂಬುವುದು ಕಷ್ಟ. 1972ರಲ್ಲಿ ಅಧ್ಯಕ್ಷ ನಿಕ್ಸನ್ ಚೀನಕ್ಕೆ ಹೋದಾಗ ಮಾವೊಗೆ ಕೊಟ್ಟ ಉಡುಗೊರೆ ಬೋಮ್ ಕಾರ್ಯಶಾಲೆಯ ಹಂಸಗಳ ಜೋಡಿ. ಪಿಂಗಾಣಿ ಹುಟ್ಟಿದ ನಾಡಿಗೆ ಪಿಂಗಾಣಿಯ ಕಾಣಿಕೆ.

ಇತರ ಕಾರ್ಖಾನೆಗಳಲ್ಲಿ ಹಂಗೇರಿಯ ಹೆರೆಂಡ್ ಬಲೆಯಂಥ ಗೆರೆಗಳಿಂದ ಮೈ ತುಂಬಿದ ಮೊಲ, ಬಾತುಗಳಿಗೂ, ಸ್ಪೇನಿನ ಯಾದ್ರೊ (1953) ಉದ್ದ ಕತ್ತಿನ ತಿಳಿಬಣ್ಣದ ಮೂರ್ತಿಗಳಿಗೂ ಪ್ರಸಿದ್ಧ. ಯಾದ್ರೊ ಗಣೇಶ, ಕೃಷ್ಣರನ್ನೂ ಮಾಡಿ ಭಾರತದಲ್ಲಿ ಮಾರುತ್ತದೆ. 1744ರಲ್ಲಿ ಶುರುವಾದ ಸೇಂಟ್ ಪೀಟರ್ಸ್‌ಬರ್ಗ್ ಕಾರ್ಖಾನೆ ಸೋವಿಯತ್ ಕಾಲದಲ್ಲಿ ಲೊಮೊನೊಸೊವ್ ಹೆಸರಿನಲ್ಲಿ ಪ್ರಾಣಿಬೊಂಬೆಗಳನ್ನು ಸಾಮಾನ್ಯ ಮನೆಗಳಿಗೂ ತಲುಪಿಸಿತು. ಅಲ್ಲಿಯ ಮುಖ್ಯ ಪ್ರಾಣಿಶಿಲ್ಪಿ ಬೋರಿಸ್ ವೊರೊಬ್ಯೋವ್. ದೊಡ್ಡ ಕಾರ್ಖಾನೆಗಳು ಸೊರಗಿದಂತೆ ಶಿಲ್ಪಿಗಳು ಸ್ವತಂತ್ರರಾಗುತ್ತಿದ್ದಾರೆ. ಅಮೆರಿಕ, ಇಂಗ್ಲೆಂಡುಗಳ ಕುದುರೆಬೊಂಬೆ ಪ್ರಿಯರ ವಲಯದಲ್ಲಿ ಶಿಲ್ಪಿಯೇ ಮಾದರಿ ಮಾಡಿ, ಸಣ್ಣ ಕಾರ್ಯಶಾಲೆಯೊಂದರಲ್ಲಿ ಬೆರಳೆಣಿಕೆಯ ಪ್ರತಿ ಎರಕ ಹೊಯ್ಯಿಸಿ, ಪ್ರತಿಯೊಂದಕ್ಕೂ ಬೇರೆ ಬಣ್ಣ ಕೊಟ್ಟು ನೇರವಾಗಿ ಮಾರುವುದು ಈಗ ರೂಢಿ.

ಗುರುತು, ನಕಲು, ಬೆಲೆ

ಮೈಸೆನ್‌ನದು ನೀಲಿಯ ಅಡ್ಡಕತ್ತಿಗಳ ಮುದ್ರೆ. 1720ರ ದಶಕದಿಂದ ಬಳಕೆಯಲ್ಲಿದೆ. ರಾಯಲ್ ಕೋಪನ್‌ಹೇಗನ್‌ನದು ಡೆನ್ಮಾರ್ಕಿನ ಮೂರು ಜಲಸಂಧಿಗಳನ್ನು ಸೂಚಿಸುವ ಮೂರು ಅಲೆಗಳು. ಮುದ್ರೆಯ ಮೇಲೆ ಅಡ್ಡಗೀರು ಇದ್ದರೆ ಕಾರ್ಖಾನೆಯೇ ಅದನ್ನು ಎರಡನೆಯ ದರ್ಜೆಗೆ ಇಳಿಸಿದೆ ಎಂದರ್ಥ. ಮುದ್ರೆಯನ್ನಷ್ಟೇ ನಂಬುವಂತಿಲ್ಲ: ಅಡ್ಡಕತ್ತಿಯಷ್ಟು ನಕಲಾದ ಮುದ್ರೆ ಇನ್ನೊಂದಿಲ್ಲ. 1845ರಿಂದ ಪ್ಯಾರಿಸ್ಸಿನಲ್ಲಿದ್ದ ಸ್ಯಾಮ್ಸನ್ ಕಂಪನಿಯ ಪ್ರತಿಕೃತಿಗಳೇ ಇಂದು ಹಳೆಯ ವಸ್ತುಗಳಾಗಿವೆ. ಮಾದರಿಯ ಸಂಖ್ಯೆ, ತೂತಿನ ಜಾಗ, ಬುಡದ ಒರಟು, ಕಣ್ಣಿನ ಬರವಣಿಗೆ ಇವನ್ನು ಒಟ್ಟಿಗೆ ನೋಡಬೇಕು. ಕಿವಿ, ಕೊಕ್ಕು, ಬಾಲದ ತುದಿ ಮೊದಲು ಮುರಿಯುವ ಭಾಗಗಳು. ದುರಸ್ತಿ ಮಾಡಿದ ಜಾಗ ಬೆರಳಿಗೆ ಉಳಿದ ಮೈಯಷ್ಟು ತಣ್ಣಗೆ ತಾಗುವುದಿಲ್ಲ, ಅತಿನೇರಳೆ ದೀಪದಲ್ಲಿ ಬೇರೆಯಾಗಿ ಹೊಳೆಯುತ್ತದೆ. ಇನ್ನೊಂದು ಗೊಂದಲವೂ ಉಂಟು. ಕೆಂಡ್ಲರ್ ರೂಪಿಸಿದ ನಾಯಿಯನ್ನು ಮೈಸೆನ್ ಇಂದು ತಯಾರಿಸಿದರೆ ಅದು ನಕಲಲ್ಲ. ಅದನ್ನು 18ನೆಯ ಶತಮಾನದ್ದೆಂದು ಮಾರಿದರೆ ಮೋಸ.

ಕರ್ನಾಟಕದಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲೇ ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ ಇತ್ತು, ಮುಂದೆ ಅದು ಬಿಎಚ್‌ಇಎಲ್‌ಗೆ ಸೇರಿತು. ಅದರ ಮುಖ್ಯ ಉತ್ಪನ್ನ ವಿದ್ಯುತ್ ಕಂಬದ ಇನ್ಸುಲೇಟರುಗಳು. ಪ್ರಾಣಿಶಿಲ್ಪದ ಪರಂಪರೆ ಇಲ್ಲಿ ಬೆಳೆಯಲಿಲ್ಲ. ಹಳೆ ಮೈಸೂರು ಕಡೆಯ ಕೆಲವು ಮನೆಗಳ ದಸರಾ ಬೊಂಬೆ ಸಾಲಿನಲ್ಲಿ ಪಟ್ಟದ ಬೊಂಬೆಗಳ ಜತೆ ವಿದೇಶಿ ಪಿಂಗಾಣಿಯ ನಾಯಿ, ಹಂಸ, ಆನೆಗಳನ್ನು ಕೂರಿಸುವುದುಂಟು. ಅಂಥವು ಮನೆಯಲ್ಲಿದ್ದರೆ ಸೋಪುನೀರಿನಲ್ಲಿ ಉಜ್ಜುವ ಮೊದಲು ಬುಡ ತಿರುಗಿಸಿ ನೋಡುವುದು ಒಳ್ಳೆಯದು. ಸುಡದೆ ಹಚ್ಚಿದ ಬಣ್ಣ ತೊಳೆದರೆ ಹೋಗುತ್ತದೆ. ಡ್ರೆಸ್ಡನ್‌ವರೆಗೆ ಹೋಗಲಾಗದ ಕನ್ನಡಿಗರಿಗೆ ಯೂರೋಪಿನ ಪಿಂಗಾಣಿಯನ್ನು ನೋಡಲು ಹತ್ತಿರದ ದೊಡ್ಡ ಸಂಗ್ರಹ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿದೆ.